ಭಾನುವಾರದ ಡ್ರೈವ್: ಗಾಡಿ ನೋಡೋಕೆ ಬರುವವರ ಬಗ್ಗೆ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಬೆಳಿಗ್ಗೆ 6ಕ್ಕೆ ನಮ್ಮ ಹಳೆಯ ಜಪಾನಿ ಸ್ಪೋರ್ಟ್ಸ್ ಕಾರುಗಳಲ್ಲಿ ಹೊರಡುತ್ತೇವೆ. ಈ ಸೂಚನೆಗಳು ಎಲ್ಲರಿಗೂ, ಹೊಸಬರಿಗೆ ಸ್ವಲ್ಪ ಜಾಸ್ತಿ.

90ರ ದಶಕದ ಒಂದು ಟೊಯೋಟಾ ಸುಪ್ರಾ ಹೋದರೇ ಜನ ತಿರುಗಿ ನೋಡುತ್ತಾರೆ. ಮಜ್ದಾ ಆರ್‌ಎಕ್ಸ್-7, ನಿಸ್ಸಾನ್ ಸ್ಕೈಲೈನ್ ಎಲ್ಲಾ ಸಾಲಾಗಿ ಹೋದರೆ ಕೇಳಬೇಕಾ? ಕಳೆದ ಸಲ ಒಬ್ಬ ಒಂದು ಕೈಯಲ್ಲಿ ಫೋನ್ ಹಿಡಿದು ನನ್ನ ಪಕ್ಕದಲ್ಲೇ ಬರುತ್ತಿದ್ದ. ಕಣ್ಣು ರಸ್ತೆ ಮೇಲಿರಲಿಲ್ಲ. ಹಾಗಾದರೆ ನಿಧಾನ ಮಾಡಿ, ಅವರನ್ನು ಮುಂದೆ ಬಿಡಿ. ರೇಸಿಗೆ ಕೆಣಕಿದರೂ ಅಷ್ಟೇ. ನನ್ನ 1.6 ಲೀಟರ್ ಮಜ್ದಾ ಎಂಎಕ್ಸ್-5 ಅನ್ನು ಈಗಿನ ಎಷ್ಟೋ ಮಾಮೂಲಿ ಕಾರುಗಳೇ ಹಿಂದೆ ಹಾಕುತ್ತವೆ, ಸುಮ್ನೆ ಮರ್ಯಾದೆ ಯಾಕೆ ಕಳೆದುಕೊಳ್ಳುವುದು?

ನಿಂತಾಗ "ಸೌಂಡ್ ಕೇಳಿಸಿ" ಅಂತಾರೆ. ಆರ್‌ಎಕ್ಸ್-7 ಇರುವವರು ದಯವಿಟ್ಟು ಗಮನಿಸಿ: ತಣ್ಣಗಿರುವ ರೋಟರಿ ಎಂಜಿನ್ (ಪಿಸ್ಟನ್ ಬದಲು ತ್ರಿಕೋನ ರೋಟರ್ ತಿರುಗುವ ಎಂಜಿನ್) ಸ್ಟಾರ್ಟ್ ಮಾಡಿ ತಕ್ಷಣ ಆಫ್ ಮಾಡಿದರೆ ಒಳಗೆ ಪೆಟ್ರೋಲ್ ತುಂಬಿಕೊಂಡು ಮತ್ತೆ ಸ್ಟಾರ್ಟ್ ಆಗದೇ ಹೋಗಬಹುದು. ಆಮೇಲೆ ತಳ್ಳುವವರು ನಾವೇ ಅಲ್ವಾ!

ಮಕ್ಕಳಿಗೆ ಬಾನೆಟ್ ಒಳಗಿಂದ ಮೇಲೆ ಏಳುವ ಹೆಡ್‌ಲೈಟ್ ತೋರಿಸಿ, ಆದರೆ ಒಂದು ಸಲ ಸಾಕು. ಅದನ್ನು ಎತ್ತುವ ಮೋಟಾರಿಗೂ 30 ವರ್ಷ ದಾಟಿದೆ. ಒಳಗೆ ಕೂರಿಸುವುದಾದರೆ ಕೀ ನಿಮ್ಮ ಜೇಬಿನಲ್ಲಿರಲಿ.

"ಗಾಡಿ ಎಲ್ಲಿ ನಿಲ್ಲಿಸ್ತೀರಾ?" ಅಂತ ಅಪರಿಚಿತರು ಕೇಳಿದರೆ ನಕ್ಕು ಮಾತು ಬದಲಿಸಿ. ಹಳೆಯ ಜಪಾನಿ ಗಾಡಿಗಳ ಮೇಲೆ ಕಳ್ಳರಿಗೂ ಕಣ್ಣಿದೆ. ಫೋಟೊಗಳನ್ನು ಮನೆ ತಲುಪಿದ ಮೇಲೆ ಹಾಕಿ, ನಂಬರ್ ಪ್ಲೇಟ್ ಮುಚ್ಚಿ.

ಬರುವವರು ಶುಕ್ರವಾರ ರಾತ್ರಿಯೊಳಗೆ ಹೆಸರು, ಗಾಡಿ ಯಾವುದು ಅಂತ ಇಲ್ಲೇ ಬರೆಯಿರಿ. ಸಾಲಿನ ಕೊನೆಯಲ್ಲಿ ಬರಲು ಒಬ್ಬರು ಬೇಕು, ಯಾರು ಒಪ್ಪುತ್ತೀರಿ?