ಮಂಡಿ ಶಸ್ತ್ರಚಿಕಿತ್ಸೆ: ವಿಧಾನದ ವಿವರ ತಿಳಿಸಲಿ

ಮಾನ್ಯ ಸಂಪಾದಕರೇ,

ಜಗುಲಿಯ ಮೂರು ಮೆಟ್ಟಿಲು ಇಳಿಯಲೂ ಕಂಬ ಹಿಡಿಯುವ ನನ್ನ ಅಮ್ಮನ ಮಂಡಿ ಬದಲಿ ಶಸ್ತ್ರಚಿಕಿತ್ಸೆಗೆ ವಿಚಾರಿಸಿದಾಗ, ಆಸ್ಪತ್ರೆಯೊಂದರಲ್ಲಿ ‘ಸ್ನಾಯು ಕೊಯ್ಯದ ವಿಧಾನ’ ಎಂದು ಹೆಚ್ಚು ಹಣ ಕೇಳಿದರೇ ಹೊರತು ಅದರ ಲಾಭವೆಷ್ಟೆಂದು ವಿವರಿಸಲಿಲ್ಲ. ರೂಢಿಯ ವಿಧಾನದಲ್ಲಿ ತೊಡೆಯ ಮುಂಭಾಗದ ಸ್ನಾಯುರಜ್ಜುವನ್ನು ಸೀಳಿ, ಮಂಡಿಚಿಪ್ಪಿನ ಒಳಮಗ್ಗುಲಿನಿಂದ ಕೀಲನ್ನು ತೆರೆಯುತ್ತಾರೆ. ‘ಸಬ್‌ವಾಸ್ಟಸ್’ ವಿಧಾನದಲ್ಲಿ ಒಳತೊಡೆಯ ಸ್ನಾಯುವನ್ನು ಕೊಯ್ಯದೆ ಅಡಿಯಿಂದ ಎತ್ತಿ ಸರಿಸುತ್ತಾರೆ. ಇದರಿಂದ ಮೊದಲ ದಿನಗಳಲ್ಲಿ ನೋವು ಕಡಿಮೆಯಾಗಿ, ಕಾಲನ್ನು ನೇರವಾಗಿ ಎತ್ತುವುದು ಬೇಗ ಸಾಧ್ಯವಾಗಬಹುದಾದರೂ, ಕೆಲವು ತಿಂಗಳ ನಂತರ ಎರಡರ ನಡುವೆ ಹೆಚ್ಚಿನ ಅಂತರ ಉಳಿಯುವುದಿಲ್ಲ. ಸ್ಥೂಲಕಾಯದವರಲ್ಲಿ ಹಾಗೂ ಮಂಡಿ ಬಿಗಿದವರಲ್ಲಿ ಇದು ಕಷ್ಟವೂ ಹೌದು. ತೋಟದ ದರೆ ಹತ್ತಿಳಿಯಬೇಕಾದ ಮಲೆನಾಡಿನವರಿಗೆ ವೈದ್ಯರ ಕೈ ಯಾವ ವಿಧಾನದಲ್ಲಿ ಪಳಗಿದೆ, ನಂತರದ ಫಿಸಿಯೋಥೆರಪಿ ಊರಿನ ಸಮೀಪ ಸಿಗುತ್ತದೆಯೇ ಎಂಬುದೇ ಮುಖ್ಯ. ಶಿವಮೊಗ್ಗದ ಆಸ್ಪತ್ರೆಗಳು ಇದನ್ನು ಕನ್ನಡದಲ್ಲಿ ಬರೆದುಕೊಡಲಿ.

– ಅಡಿಕೆ ಬೆಳೆಗಾರ, ತೀರ್ಥಹಳ್ಳಿ ತಾಲ್ಲೂಕು