ಕಾಲಿನ ಹುಣ್ಣು ಮಾಯಲು ಮುಲಾಮು ಸಾಲದು, ಬಿಗಿಪಟ್ಟಿ ಬೇಕು

ಮಾನ್ಯ ಸಂಪಾದಕರೇ,

ಕಾಲಿನ ಒಳಬದಿಯಲ್ಲಿ, ಹರಡಿನ ಗಂಟಿನಿಂದ ಸ್ವಲ್ಪ ಮೇಲೆ ಎದ್ದ ಹುಣ್ಣು ತಿಂಗಳುಗಟ್ಟಲೆ ಮಾಯುವುದಿಲ್ಲ. ಸುತ್ತಲಿನ ಚರ್ಮ ಕಪ್ಪಾಗಿ ಗಟ್ಟಿಯಾಗುತ್ತದೆ, ಸಂಜೆಯಾದರೆ ಕಾಲು ಊದಿಕೊಂಡು ಬ್ಯಾಂಡೇಜು ತೊಯ್ದು ಹೋಗುತ್ತದೆ. ಹೋಟೆಲ್ ಅಡುಗೆಯವರು, ಇಸ್ತ್ರಿ ಅಂಗಡಿಯವರು, ಟ್ರಾಫಿಕ್ ಪೊಲೀಸರು, ಹೀಗೆ ದಿನವಿಡೀ ನಿಂತು ದುಡಿಯುವವರನ್ನು ಕಾಡುವ ಈ ಹುಣ್ಣಿನ ಮೂಲ ಹೆಚ್ಚಾಗಿ ಒಳಗಿನ ಅಭಿಧಮನಿಗಳಲ್ಲಿ, ಅಂದರೆ ರಕ್ತವನ್ನು ಹೃದಯಕ್ಕೆ ಮರಳಿಸುವ ನಾಳಗಳಲ್ಲಿ ಇರುತ್ತದೆ. ಅವುಗಳ ಕವಾಟ ಸಡಿಲವಾದರೆ ಮೇಲೇರಬೇಕಾದ ರಕ್ತ ಕೆಳಗೆ ಜಾರಿ ನಿಲ್ಲುತ್ತದೆ. ಆ ಒತ್ತಡಕ್ಕೆ ನೀರು ಒಸರಿ ಚರ್ಮ ಒಡೆಯುತ್ತದೆ. ಮೇಲೆ ಎಷ್ಟು ಬಗೆಯ ಮುಲಾಮು ಬದಲಿಸಿದರೂ ಈ ಒತ್ತಡ ಇಳಿಯುವುದಿಲ್ಲ. ಇಳಿಸುವುದು ಬಿಗಿಪಟ್ಟಿ.

ಆದರೆ ಪರೀಕ್ಷೆಯಿಲ್ಲದೆ ಪಟ್ಟಿ ಬಿಗಿಯಬಾರದು. ರಕ್ತದ ಹರಿವನ್ನು ಸದ್ದಾಗಿ ಕೇಳಿಸುವ ಪುಟ್ಟ ಸಾಧನವಾದ ಪೆನ್ಸಿಲ್ ಡಾಪ್ಲರ್‌ನಿಂದ ಹರಡಿನ ಬಳಿಯ ರಕ್ತದೊತ್ತಡ ಅಳೆದು ಅದನ್ನು ತೋಳಿನ ಒತ್ತಡದಿಂದ ಭಾಗಿಸಬೇಕು. ಉತ್ತರ 0.8ರಿಂದ 1.3ರೊಳಗಿದ್ದರೆ ಪೂರ್ತಿ ಬಿಗಿಯಬಹುದು. 0.5ಕ್ಕಿಂತ ಕೆಳಗಿದ್ದರೆ ಪಟ್ಟಿಯೇ ಅಪಾಯ, ಕಾಲು ಕಳೆದುಕೊಳ್ಳುವಂತಾಗಬಹುದು. ಸಕ್ಕರೆ ಕಾಯಿಲೆಯವರಲ್ಲಿ ರಕ್ತನಾಳ ಗಡುಸಾಗಿ ಅಂಕಿ ಸುಳ್ಳಾಗಿ ಹೆಚ್ಚು ತೋರಿಸುವುದುಂಟು, ಅವರಿಗೆ ಕಾಲಿನ ಹೆಬ್ಬೆರಳಿನ ರಕ್ತದೊತ್ತಡವನ್ನೂ ನೋಡಬೇಕು. ಮನೆಯವರು ಗಮನಿಸಬಹುದಾದ ಒಂದು ಗುರುತಿದೆ: ಕಾಲು ಎತ್ತಿಟ್ಟಾಗ ನೋವು ಹೆಚ್ಚಾಗಿ, ಮಂಚದಿಂದ ಇಳಿಬಿಟ್ಟರೆ ಹಾಯೆನಿಸಿದರೆ ರಕ್ತ ಪೂರೈಕೆಯೇ ಕಡಿಮೆಯಿರುವ ಸಂಭವ. ಅಂಥವರು ತಕ್ಷಣ ವೈದ್ಯರನ್ನು ಕಾಣಬೇಕು. ಹೃದಯ ದುರ್ಬಲವಾಗಿದ್ದು ಏದುಸಿರು ಬರುವವರೂ ವೈದ್ಯರನ್ನು ಕೇಳದೆ ಪಟ್ಟಿ ಕಟ್ಟಬಾರದು.

ಪಟ್ಟಿ ಸುತ್ತುವ ಸರಿಯಾದ ಹೊತ್ತು ಬೆಳಿಗ್ಗೆ, ಊತ ಇಳಿದಿರುವಾಗ. ಮೊದಲು ಮಂಡಿಯ ಕೆಳಗೆ ಕಾಲಿನ ಮುಂಭಾಗದ ಮೂಳೆ ಮತ್ತು ಹರಡಿನ ಗಂಟುಗಳ ಮೇಲೆ ಹತ್ತಿಯ ಪದರ ಹಾಸಬೇಕು, ಇಲ್ಲವಾದರೆ ಅಲ್ಲೇ ಹೊಸ ಹುಣ್ಣು ಏಳುತ್ತದೆ. ಪಾದವನ್ನು ಕಾಲಿಗೆ ಲಂಬವಾಗಿ ಹಿಡಿದು, 10 ಸೆಂಟಿಮೀಟರ್ ಅಗಲದ ಕ್ರೇಪ್ ಪಟ್ಟಿಯನ್ನು ಬೆರಳುಗಳ ಬುಡದಿಂದ ಶುರುಮಾಡಿ, ಹಿಮ್ಮಡಿಯನ್ನೂ ಮುಚ್ಚಿ, ಮಂಡಿಗಿಂತ ಎರಡು ಬೆರಳು ಕೆಳಗೆ ಮುಗಿಸಬೇಕು. ಪ್ರತಿ ಸುತ್ತು ಹಿಂದಿನ ಸುತ್ತಿನ ಅರ್ಧದಷ್ಟನ್ನು ಮುಚ್ಚಬೇಕು, ಎಳೆತ ಎಲ್ಲ ಕಡೆ ಒಂದೇ ಇರಬೇಕು. ಹರಡಿನ ಸುತ್ತಳತೆ ಕಡಿಮೆಯಿರುವುದರಿಂದ ಒಂದೇ ಎಳೆತಕ್ಕೂ ಅಲ್ಲಿ ಒತ್ತಡ ತಾನಾಗಿಯೇ ಹೆಚ್ಚು ಬೀಳುತ್ತದೆ. ಸಾಮಾನ್ಯವಾಗಿ ಆಗುವ ತಪ್ಪು ಎರಡು. ಪಾದ ಬಿಟ್ಟು ಹರಡಿನಿಂದ ಸುತ್ತಿದರೆ ಪಾದ ಬನ್ನಿನಂತೆ ಊದುತ್ತದೆ. ಮೇಲ್ತುದಿಯನ್ನೇ ಬಿಗಿದರೆ ಪಟ್ಟಿ ಕಟ್ಟುಹಗ್ಗವಾಗುತ್ತದೆ. ಬೆರಳು ನೀಲಿಗಟ್ಟಿದರೆ, ಜೋಮು ಹಿಡಿದರೆ, ನೋವು ಏರಿದರೆ ರಾತ್ರಿಯಾದರೂ ಸರಿ, ಬಿಚ್ಚಿಬಿಡಿ. ಮೊದಲ ವಾರ ಊತ ಇಳಿದು ಪಟ್ಟಿ ಸಡಿಲವಾಗುತ್ತದೆ. ಜಾರಿದ ಪಟ್ಟಿಯಿಂದ ಉಪಯೋಗವಿಲ್ಲ, ಮತ್ತೆ ಸುತ್ತಬೇಕು.

ಹುಣ್ಣು ತೊಳೆಯಲು ಕುದಿಸಿ ಆರಿಸಿದ ನೀರು ಸಾಕು. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರೆ ತಳದಲ್ಲಿ ದಾಳಿಂಬೆ ಕಾಳಿನಂತೆ ಕೆಂಪಗೆ ಮೂಡುತ್ತಿರುವ ಹೊಸ ಮಾಂಸ ಸುಟ್ಟುಹೋಗುತ್ತದೆ. ಕಾಫಿಪುಡಿ, ಸುಣ್ಣವೂ ಬೇಡ. ಒಣ ಗಾಜ್ ಅಂಟಿಕೊಂಡಿದ್ದರೆ ಕೀಳಬೇಡಿ, ನೀರಲ್ಲಿ ಹತ್ತು ನಿಮಿಷ ನೆನೆಸಿ. ಅಂಚು ನೀರಲ್ಲಿ ನೆನೆದ ಬೆರಳಿನಂತೆ ಬಿಳಿಚಿದ್ದರೆ ಸುತ್ತ ಜಿಂಕ್ ಆಕ್ಸೈಡ್ ಹಚ್ಚಿ, ಹೆಚ್ಚು ಹೀರುವ ಪ್ಯಾಡ್ ಬಳಸಿ. ತುರಿಕೆಗೆ ಪರಿಮಳವಿಲ್ಲದ ಪೆಟ್ರೋಲಿಯಂ ಜೆಲ್ಲಿ ಒಳ್ಳೆಯದು. ನಿಯೋಮೈಸಿನ್ ಇರುವ ಮುಲಾಮು ಹಲವರಿಗೆ ಅಲರ್ಜಿಯಾಗಿ ತುರಿಕೆಯನ್ನೇ ಹೆಚ್ಚಿಸುತ್ತದೆ. ವಾಸನೆಗೆ ವೈದ್ಯರು ಮೆಟ್ರೊನಿಡಜೋಲ್ ಜೆಲ್ ಬರೆದುಕೊಡುತ್ತಾರೆ. ವಾಸನೆಗೆ ನಾಚಿ ಮದುವೆ ಮುಂಜಿಗೆ ಹೋಗುವುದನ್ನೇ ಬಿಟ್ಟವರಿಗೆ ಇದು ದೊಡ್ಡ ಸಮಾಧಾನ. ತಳದ ಹಳದಿ ಪೊರೆಯೆಲ್ಲ ಕೀವಲ್ಲ. ಕೆಂಪು ಹರಡಿ, ಬಿಸಿಯೇರಿ, ಜ್ವರ ಬಂದರೆ ಮಾತ್ರ ಆಂಟಿಬಯೋಟಿಕ್ ಬೇಕಾದೀತು.

‘ನಂಜು’ ಎಂದು ಮೊಟ್ಟೆ, ಮೀನು, ಬೇಳೆ, ಕಡಲೆಕಾಯಿ ಬಿಡಿಸುವವರಿಗೆ ನಮ್ಮ ಕಳಕಳಿಯ ಮಾತು: ಹುಣ್ಣಿನಿಂದ ಒಸರುವ ನೀರಿನ ಜೊತೆ ದೇಹದ ಪ್ರೋಟೀನ್ ಹರಿದುಹೋಗುತ್ತಿರುತ್ತದೆ. ಬರೀ ಗಂಜಿ ಕುಡಿದರೆ ಹೊಸ ಮಾಂಸ ಎಲ್ಲಿಂದ ಬರಬೇಕು?

ದಿನಕ್ಕೆ ಮೂರ್ನಾಲ್ಕು ಬಾರಿ ಅರ್ಧ ಗಂಟೆ ಮಲಗಿ, ಪಾದವನ್ನು ಎದೆಗಿಂತ ಎತ್ತರದಲ್ಲಿಡಬೇಕು. ಕುರ್ಚಿಯ ಮೇಲೆ ಕಾಲು ಚಾಚಿದರೆ ಸಾಲದು. ನಿಂತಲ್ಲೇ ಹಿಮ್ಮಡಿ ಎತ್ತಿ ಇಳಿಸುತ್ತಿದ್ದರೆ ಮೀನಖಂಡ ಪಂಪಿನಂತೆ ರಕ್ತವನ್ನು ಮೇಲೆ ದೂಡುತ್ತದೆ.

ಕವಾಟ ಕೆಟ್ಟ ಅಭಿಧಮನಿಯನ್ನು ಮುಚ್ಚುವ ಚಿಕಿತ್ಸೆಯನ್ನು ‘ಹುಣ್ಣು ಮಾಯ್ದ ಮೇಲೆ ನೋಡೋಣ’ ಎಂದು ಮುಂದೂಡುವ ರೂಢಿಯಿದೆ. ಬ್ರಿಟನ್ನಿನಲ್ಲಿ 450 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಇವ್ರಾ ಅಧ್ಯಯನದಲ್ಲಿ, ಬಿಗಿಪಟ್ಟಿಯ ಜೊತೆಗೇ ಬೇಗ ಚಿಕಿತ್ಸೆ ಪಡೆದವರ ಹುಣ್ಣು ಮಾಯಲು ಮಧ್ಯಕ ಲೆಕ್ಕದಲ್ಲಿ 56 ದಿನ ಹಿಡಿದರೆ, ಮುಂದೂಡಿದವರಿಗೆ 82 ದಿನ ಹಿಡಿಯಿತು. ಮಾಯ್ದ ಮೇಲೂ ಬಿಗಿ ಕಾಲುಚೀಲ ಬಿಡುವಂತಿಲ್ಲ. ಹಾಸಿಗೆಯಿಂದ ಇಳಿಯುವ ಮುನ್ನವೇ ಅದನ್ನು ತೊಡಬೇಕು.

ತಾಲ್ಲೂಕು ಆಸ್ಪತ್ರೆಯ ಡ್ರೆಸ್ಸಿಂಗ್ ಕೋಣೆಗೊಂದು ಪೆನ್ಸಿಲ್ ಡಾಪ್ಲರ್, ಅದನ್ನು ಬಳಸಲು ಮತ್ತು ಪಟ್ಟಿ ಸುತ್ತಲು ತರಬೇತಾದ ಇಬ್ಬರು ಸಿಬ್ಬಂದಿ, ರೋಗಿಗೆ ಉಚಿತವಾಗಿ ಎರಡು ಜೊತೆ ಕ್ರೇಪ್ ಪಟ್ಟಿ: ಇಷ್ಟನ್ನು ಆರೋಗ್ಯ ಇಲಾಖೆ ಒದಗಿಸಬೇಕೆಂದು ಕೋರುತ್ತೇವೆ.

– ಗಾಯ ಆರೈಕೆಯ ಶುಶ್ರೂಷಾಧಿಕಾರಿಗಳು, ದಾವಣಗೆರೆ