ಚಿನಾಂಪ ತೇಲುವ ತೋಟವಲ್ಲ

ಮಾನ್ಯ ಸಂಪಾದಕರೇ,

ಹೊರದೇಶದ ಕೃಷಿ, ಕೈತೋಟಗಳ ಕಾರ್ಯಕ್ರಮಗಳು ಈಗ ಕನ್ನಡದ ದನಿಯಲ್ಲೇ ಮನೆಗೆ ಬರುತ್ತಿವೆ. ಒಳ್ಳೆಯದೇ. ಆದರೆ ಮೆಕ್ಸಿಕೊ ನಗರದ ದಕ್ಷಿಣಕ್ಕಿರುವ ಸೊಚಿಮಿಲ್ಕೊದ ಚಿನಾಂಪಗಳು ಪರದೆಗೆ ಬಂದಾಗಲೆಲ್ಲ ಅದೇ ಮಾತು: 'ತೇಲುವ ತೋಟಗಳು'. ಚಿನಾಂಪ ತೇಲುವುದಿಲ್ಲ. ಕೆರೆಯ ತಳಕ್ಕೆ ಕಚ್ಚಿಕೊಂಡು ನಿಂತ ನೆಲ ಅದು. ಸ್ಪೇನಿನವರ ಕಾಲದಿಂದ ಅಂಟಿಕೊಂಡ ಈ ತಪ್ಪು ಹೆಸರು ಕೇಳಿ ನಮ್ಮ ನೋಡುಗರು ಥರ್ಮೋಕೋಲ್ ಹಲಗೆ, ಖಾಲಿ ಡ್ರಮ್ಮು ಹುಡುಕಲು ಹೊರಡುತ್ತಾರೆ.

ಅದನ್ನು ಕಟ್ಟುವ ಬಗೆ ಹೀಗೆ. ಆಳವಿಲ್ಲದ ನೀರಿನಲ್ಲಿ ಉದ್ದನೆಯ ಆಯತ ಗುರುತಿಸಿ, ಸುತ್ತ ಗೂಟ ಹೊಡೆದು, ಜೊಂಡಿನಿಂದ ತಡಿಕೆ ಹೆಣೆಯುತ್ತಾರೆ. ಅಲ್ಲಿನ ಮೂಲನಿವಾಸಿಗಳ ನಾವಾತ್ಲ್ ಭಾಷೆಯಲ್ಲಿ 'ಚಿನಾಮಿತ್ಲ್' ಎಂದರೆ ಇಂಥ ಬೇಲಿಯೇ. ಹೆಸರು ಬಂದದ್ದು ಅಲ್ಲಿಂದ. ಒಳಗೆ ಒಂದು ಪದರ ನೀರುಗಿಡ, ಒಂದು ಪದರ ತಳದ ಕೆಸರು, ಮತ್ತೆ ನೀರುಗಿಡ, ಮತ್ತೆ ಕೆಸರು. ಮಡಿ ನೀರಿನಿಂದ ಅರ್ಧ ಮೀಟರ್‌ನಷ್ಟಾದರೂ ಮೇಲೆದ್ದ ಮೇಲೆ ಅಂಚಿಗೆ ಅವೆಹೋತೆ ಎಂಬ ವಿಲೋ ಜಾತಿಯ ಮರ ನೆಡುತ್ತಾರೆ. ಅದರ ಬೇರು ದಡ ಕುಸಿಯದಂತೆ ಹಿಡಿಯುತ್ತದೆ. ಅದು ನೆಟ್ಟಗೆ, ಸಪೂರವಾಗಿ ಬೆಳೆಯುವುದರಿಂದ ಬೆಳೆಗೆ ನೆರಳು ಹೆಚ್ಚು ಬೀಳುವುದಿಲ್ಲ. ಮಡಿಯ ಅಗಲ ಕಿರಿದಾಗಿರುವುದೂ ಬೇಕೆಂದೇ. ಎರಡೂ ಬದಿಯ ಕಾಲುವೆಯ ನೀರು ಮಣ್ಣಿನೊಳಗೆ ಜಿನುಗಿ ನಡುಮಧ್ಯದ ಬೇರಿಗೂ ತಲುಪಬೇಕು. ಅಗಲ ಹೆಚ್ಚಿದರೆ ನಡುಭಾಗ ಒಣಗುತ್ತದೆ. ಎತ್ತರ ಹೆಚ್ಚಿದರೆ ನೀರು ಮೇಲೇರುವುದಿಲ್ಲ, ಕಡಿಮೆಯಾದರೆ ಬೇರು ಕೊಳೆಯುತ್ತದೆ.

ನಿಜಕ್ಕೂ ಕಲಿಯಬೇಕಾದದ್ದು ಅಲ್ಲಿನ ಸಸಿಮಡಿ. ಕಾರ್ಯಕ್ರಮಗಳಲ್ಲಿ ಅದು ನಾಲ್ಕೈದು ಸೆಕೆಂಡಿನಲ್ಲಿ ಹಾದುಹೋಗುತ್ತದೆ: ಕೆಸರಿನ ಮೇಲೆ ಚಾಕು ಎಳೆಯುವ ಒಂದು ಕೈ, ಅಷ್ಟೇ. ಕಾಲುವೆಯ ತಳದ ನುಣುಪು ಕೆಸರನ್ನು ಉದ್ದ ಕೋಲಿಗೆ ಕಟ್ಟಿದ ಚೀಲದಿಂದ ಬಾಚಿ, ದಡದ ಪಕ್ಕದ ಪಾತಿಯಲ್ಲಿ ದೋಸೆಹಿಟ್ಟಿನಂತೆ ಹರಡುತ್ತಾರೆ. ಅದು ಆರಿ ಗಟ್ಟಿಯಾಗುತ್ತಾ ಬಂದಾಗ ಬರ್ಫಿ ಕತ್ತರಿಸಿದ ಹಾಗೆ ಚೌಕ ಚೌಕ ಕೊಯ್ದು, ಪ್ರತಿ ಚೌಕದಲ್ಲಿ ಕುಳಿ ಮಾಡಿ, ಬೀಜ ಹಾಕಿ, ಪುಡಿ ಗೊಬ್ಬರ ಮುಚ್ಚುತ್ತಾರೆ. ಈ ಬಿಲ್ಲೆಗೆ ಚಪೀನ್ ಎಂದು ಹೆಸರು. ಸಸಿಯನ್ನು ಬಿಲ್ಲೆಯ ಸಮೇತ ಎತ್ತಿ ನೆಡುವುದರಿಂದ ಬೇರಿಗೆ ಗಾಳಿ ತಾಕದು, ನಾಟಿಯ ನಂತರದ ಬಾಡುವಿಕೆ ಇರದು. ನಮ್ಮ ನರ್ಸರಿಗಳ 98 ಗುಳಿಯ ಪ್ರೋಟ್ರೇ (ಸಸಿ ಬೆಳೆಸುವ ತಟ್ಟೆ) ಮಾಡುವ ಕೆಲಸವೇ ಇದು, ಪ್ಲಾಸ್ಟಿಕ್ಕೂ ತೆಂಗಿನ ನಾರಿನ ಪುಡಿಯೂ ಇಲ್ಲದೆ.

ಇಲ್ಲಿ ಮಾಡಿ ನೋಡುವವರು ಹಳ್ಳಿ ಕೆರೆಯ ಗೋಡು ಮಣ್ಣನ್ನು ಜರಡಿ ಹಿಡಿದು, ಎರಡು ಪಾಲಿಗೆ ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸೇರಿಸಿ, ನೀರು ಹಾಕಿ ಗಂಜಿಯಂತೆ ಕಲಸಲಿ. ನೆಲಕ್ಕೆ ಅಂಟದಂತೆ ಮೊದಲು ತೆಳ್ಳಗೆ ಬೂದಿ ಉದುರಿಸಿ, ಅದರ ಮೇಲೆ 5 ಸೆಂ.ಮೀ. ದಪ್ಪಕ್ಕೆ ಸುರಿಯಬೇಕು. ಬೆರಳೊತ್ತಿದರೆ ಗುರುತು ಮೂಡಿಯೂ ಮಣ್ಣು ಅಂಟದಿದ್ದರೆ ಹದ ಬಂದಿದೆ ಎಂದರ್ಥ. ಆಗ 4 ಸೆಂ.ಮೀ. ಚೌಕಗಳಾಗಿ ಕೊಯ್ದು, ಒಂದು ಸೆಂ.ಮೀ. ಆಳದ ಕುಳಿಯಲ್ಲಿ ಬೀಜ ಹಾಕಬೇಕು. ಹದಕ್ಕೆ ಮೊದಲೇ ಕೊಯ್ದರೆ ಗೀಟು ಮತ್ತೆ ಕೂಡಿಕೊಳ್ಳುತ್ತದೆ. ತಡವಾದರೆ ಬಿಲ್ಲೆ ಒಡೆಯುತ್ತದೆ. ಬರೀ ಜೇಡಿಮಣ್ಣು ಒಣಗುತ್ತಾ ತನ್ನಿಷ್ಟಕ್ಕೆ ಬಿರಿಯುತ್ತದೆ, ಗೊಬ್ಬರ ಬೇಕಾಗುವುದು ಅದಕ್ಕೇ. ಹತ್ತು ಹನ್ನೆರಡು ದಿನಕ್ಕೆ ಬೇರು ಪಕ್ಕದ ಬಿಲ್ಲೆಗೆ ನುಗ್ಗಲು ನೋಡುತ್ತದೆ. ಅದೇ ಗೀಟಿನಲ್ಲಿ ಮತ್ತೊಮ್ಮೆ ಚಾಕು ಆಡಿಸಿ. ದಿನಕ್ಕೆ ಎರಡು ಸಲ ನೀರು ಹೊಯ್ಯುವ ಪ್ರೀತಿ ಬೇಡ, ಸಸಿಯ ಬುಡ ಕೊಳೆತು ಬೀಳುತ್ತದೆ. ಟೊಮೆಟೊ ಸುಮಾರು 25 ದಿನಕ್ಕೆ, ಮೆಣಸಿನಕಾಯಿ 35ರಿಂದ 40 ದಿನಕ್ಕೆ ನಾಟಿಗೆ ಬರುತ್ತದೆ. ಮೂಲಂಗಿ, ಕ್ಯಾರೆಟ್‌ಗೆ ಇದು ಸಲ್ಲದು, ಗಡ್ಡೆ ಕವಲೊಡೆಯುತ್ತದೆ.

ಇನ್ನು ನೀರಿನ ಕಥೆ. ಸೊಚಿಮಿಲ್ಕೊದ ಕೆರೆ ಸಿಹಿನೀರಿನ ಬುಗ್ಗೆಗಳಿಂದ ತುಂಬುತ್ತಿತ್ತು. 20ನೇ ಶತಮಾನದ ಆರಂಭದಲ್ಲಿ ಆ ಬುಗ್ಗೆಗಳ ನೀರನ್ನು ಕೊಳವೆಯಲ್ಲಿ ನಗರಕ್ಕೆ ಒಯ್ದರು. ಶತಮಾನದ ನಡುವಿಗೆ ಬುಗ್ಗೆಗಳೇ ಬತ್ತಿದವು. 1987ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಜಾಗದ ಕಾಲುವೆಗಳಲ್ಲಿ ಇಂದು ಹರಿಯುವುದು ಬಹುಮಟ್ಟಿಗೆ ನಗರದ ಸಂಸ್ಕರಿಸಿದ ಕೊಳಚೆನೀರು. ಅದರಲ್ಲಿನ ಉಪ್ಪು ಮಣ್ಣಿನೊಳಗಿಂದ ನೀರಿನ ಜೊತೆ ಮೇಲೇರುತ್ತದೆ. ನೀರು ಆವಿಯಾಗಿ, ಉಪ್ಪು ಮೇಲ್ಮಣ್ಣಿನಲ್ಲೇ ಉಳಿದು ಬಿಳಿ ಹೆಪ್ಪಳಿಕೆ ಕಟ್ಟುತ್ತದೆ. ಕೆಳಗಿನಿಂದ ತಾನಾಗಿ ನೀರುಣಿಸುವ ವ್ಯವಸ್ಥೆಯ ದೌರ್ಬಲ್ಯ ಇದೇ: ಮೇಲಿನಿಂದ ಧಾರಾಳ ಮಳೆಯೋ ಸಿಹಿನೀರೋ ಬಿದ್ದು ಉಪ್ಪನ್ನು ಕೆಳಕ್ಕೆ ತೊಳೆಯದಿದ್ದರೆ ಚೌಳು ಖಚಿತ. ಬೆಂಗಳೂರಿನ ಸಂಸ್ಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಅಲ್ಲಿನ ರೈತರು ಕೂತು ನೋಡಬೇಕಾದ ಭಾಗ ಇದು. ಕಾರ್ಯಕ್ರಮದಲ್ಲಿ ಮಾತ್ರ ಆ ಹೊತ್ತಿಗೆ ಬಣ್ಣದ ದೋಣಿಗಳ ಮೇಲೆ ವಾದ್ಯದವರು ಬಂದಿರುತ್ತಾರೆ.

ಹಾಗಾದರೆ ತೇಲುವ ತೋಟ ಎಂಬುದೇ ಇಲ್ಲವೇ? ಇದೆ, ಬಾಂಗ್ಲಾದೇಶದಲ್ಲಿ. ಗೋಪಾಲಗಂಜ್, ಪಿರೋಜ್‌ಪುರ, ಬಾರಿಸಾಲ್ ಕಡೆ ಮಳೆಗಾಲದಲ್ಲಿ ಹೊಲ ಮುಳುಗಿದಾಗ, ನಮ್ಮಲ್ಲಿ ಅಂತರಗಂಗೆ ಎಂದೇ ಕರೆಯುವ ನೇರಳೆ ಹೂವಿನ ಜಲಕಳೆಯನ್ನು ಬಿದಿರ ಗಳದ ಮೇಲೆ ಪದರ ಪದರವಾಗಿ ಒಟ್ಟುತ್ತಾರೆ. ಕಳೆಯ ಮೇಲೆಯೇ ನಿಂತು, ಸುತ್ತಲಿನ ಕಳೆಯನ್ನು ಕಾಲಡಿಗೆ ಎಳೆದುಕೊಳ್ಳುತ್ತಾ ಹೋಗುವ ಕೆಲಸ ಅದು. ಧಾಪ್ ಎಂಬ ಈ ಮಡಿ ಸುಮಾರು ಒಂದು ಮೀಟರ್ ದಪ್ಪ ಇರುತ್ತದೆ. ಒಟ್ಟಿದ ಕೂಡಲೇ ನೆಟ್ಟರೆ ಹಸಿ ಕಳೆ ಕೊಳೆಯುವ ಬಿಸಿಗೆ ಸಸಿ ಬೇಯುತ್ತದೆ, ಮೇಲ್ಪದರ ಕಪ್ಪಾಗಿ ಕಳಿಯುವವರೆಗೆ ಕಾಯಲೇಬೇಕು. ನೀರಿಳಿದ ಮೇಲೆ ಅದೇ ಮಡಿ ಒಡೆದು ಚಳಿಗಾಲದ ಬೆಳೆಗೆ ಗೊಬ್ಬರ. ಅಲೆ ಹೆಚ್ಚಿದ್ದರೆ, ನೀರು ಉಪ್ಪಾದರೆ ಧಾಪ್ ಉಳಿಯದು.

ಕಾರ್ಖಾನೆಯ ನೀರು ಸೇರುವ ನಗರದ ಕೆರೆಗಳಲ್ಲಿ ಇದನ್ನು ಮಾಡಹೊರಡುವುದು ಬೇಡ. ಈ ಜಲಕಳೆ ಸೀಸ, ಕ್ಯಾಡ್ಮಿಯಂನಂಥ ಲೋಹಗಳನ್ನು ಹೀರಿಕೊಳ್ಳುವುದರಲ್ಲಿ ನಿಸ್ಸೀಮ. ಅದರ ಮೇಲೆ ಬೆಳೆದ ಸೊಪ್ಪು ನೇರ ಸಾರಿನ ಪಾತ್ರೆಗೆ ಬರುತ್ತದೆ. ಅಂಥ ಕೆರೆಯ ಹೂಳೂ ಸಸಿಮಡಿಗೆ ಆಗದು.

ವಾಹಿನಿಗಳಿಗೆ ಕನ್ನಡ ಪಠ್ಯ ಬರೆಯುವವರಲ್ಲಿ ಕೋರಿಕೆ ಇಷ್ಟೇ: ತೋಟ ತೋರಿಸುವಾಗ ಊರಿನ ಎತ್ತರ, ತಿಂಗಳು, ನೀರಿನ ಮೂಲ ಈ ಮೂರನ್ನು ಪರದೆಯ ಕೆಳಗೆ ಒಂದು ಸಾಲಿನಲ್ಲಿ ಹಾಕಿ. ಮೆಕ್ಸಿಕೊ ನಗರ 2,240 ಮೀಟರ್ ಎತ್ತರದಲ್ಲಿದೆ, ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತಲೂ ಮೇಲೆ. ಚಳಿಗಾಲದ ರಾತ್ರಿ ಅಲ್ಲಿ ಸಸಿಮಡಿಗೆ ಹುಲ್ಲು ಹೊದಿಸುವುದು ಇಬ್ಬನಿ ಹೆಪ್ಪುಗಟ್ಟಿ ಸಸಿ ಸುಡದಿರಲೆಂದು. ಅದನ್ನೇ ನೋಡಿ ರಾಯಚೂರಿನಲ್ಲಿ ಹೊದಿಸಿದರೆ ಗೆದ್ದಲಿಗೆ ಹಬ್ಬ. 'ತೇಲುವ' ಎಂಬ ಪದ ಧಾಪ್‌ಗೇ ಇರಲಿ. ಚಿನಾಂಪಕ್ಕೆ 'ಕೆರೆಯೊಳಗಿನ ಏರುಮಡಿ' ಎಂದರೆ ಸಾಕು.

– ನಿವೃತ್ತ ತೋಟಗಾರಿಕೆ ಸಹಾಯಕ, ತುಮಕೂರು